ಲೈಸೆನ್ಸ್ ಇದ್ದ ಗುತ್ತೇದಾರ

ಮಹಾರಾಷ್ಟ್ರದ ನಾಶಿಕ ಹತ್ತಿರ, ಓಝರ್‌ನ ವಿಮಾನ ಕಾರ್ಖಾನೆಯ ಟೌನ್‌ಶಿಪ್ಪಿನಲ್ಲಿ ಮನ್ಮಥಪ್ಪನವರಿಗೆ 'ರಿಜೆಕ್ಟ್ ಅಪ್ಪಾ' ಎಂಬ ಹೆಸರಿತ್ತು. ಅದು ಅವರ ಬೆನ್ನ ಹಿಂದಿನ ಹೆಸರು. ಅದು ತಮಗೆ ಗೊತ್ತಿಲ್ಲ ಎಂದು ಜನ ತಿಳಿದಿದ್ದಾರೆ ಎಂಬುದು ಅವರಿಗೆ ಗೊತ್ತಿತ್ತು. ಒಳಗೊಳಗೇ ಸ್ವಲ್ಪ ಜಂಬವೂ ಇತ್ತು. ಭಾಲ್ಕಿ ಕಡೆಯ ಹಳ್ಳಿಯಿಂದ ಐಟಿಐ ಮುಗಿಸಿ ಬಂದು, ಫಿಟರ್ ಆಗಿ ಸೇರಿ, ಕೊನೆಗೆ ತಪಾಸಣೆ ವಿಭಾಗದ ಇನ್‌ಸ್ಪೆಕ್ಟರ್ ಆದ ಮನುಷ್ಯ. ಹೊರಗಿನಿಂದ ಬಂದ ಬಿಡಿಭಾಗಗಳನ್ನು ಅಳೆಯುವುದು, ಜೊತೆಗೆ ಬಂದ ಕಾಗದದ ಮೇಲೆ ಮೊಹರು ಇದೆಯೇ ನೋಡುವುದು, ಇಲ್ಲದಿದ್ದರೆ ಬಂದ ದಾರಿಯಲ್ಲೇ ವಾಪಸ್ಸು ಕಳಿಸುವುದು, ಇಷ್ಟು ಅವರ ಕೆಲಸ. ಬೋಲ್ಟು ಬಂಗಾರದ್ದೇ ಇರಲಿ, ಕಾಗದ ಇಲ್ಲವೆಂದರೆ ಅವರ ಪಾಲಿಗೆ ಅದು ಬೋಲ್ಟೇ ಅಲ್ಲ.

ವಿಮಾನಕ್ಕೆ ಇದು ಒಳ್ಳೆಯದೇ. ತೊಂದರೆಯೇನೆಂದರೆ ಸಂಜೆ ಕಾರ್ಖಾನೆಯ ಗೇಟು ದಾಟಿದ ಮೇಲೂ ಅವರು ಇನ್‌ಸ್ಪೆಕ್ಟರಾಗಿಯೇ ಉಳಿಯುತ್ತಿದ್ದರು. ಸಂತೆಯಲ್ಲಿ ಕಲ್ಲಂಗಡಿಯನ್ನು ಇಷ್ಟು ಹೊತ್ತು ಬಡಿದು ನೋಡುತ್ತಿದ್ದರೆಂದರೆ ಮಾರುವವನು ಬೇಸತ್ತು ಬೇರೆಯವರಿಗೆ ಕೊಟ್ಟುಬಿಡುತ್ತಿದ್ದ. ಹೆಂಡತಿ ಕಾಶಿಬಾಯಿ ನೆರೆಯವರ ಮುಂದೆ ಹೇಳುವುದಿತ್ತು, "ನಮ್ಮ ಮನ್ಯಾಗ ರೊಟ್ಟಿ ಹಂಚಿನ ಮ್ಯಾಲಿಂದ ಸೀದಾ ತಾಟಿಗಿ ಬರಲ್ಲರಿ. ನಡುವ ತಪಾಸಣಿ ಆಗ್ತದ."

ಇಂಥವರು ಮನೆ ಕಟ್ಟಿಸಲು ಹೊರಟರು. ಈಗ ಆ ಕತೆಯನ್ನು ಅವರೇ ಹೇಳಿ ನಗುತ್ತಾರೆ. ಬೇರೆಯವರು ಹೇಳಿ ನಗುವುದಕ್ಕಿಂತ ತಾವೇ ಮೊದಲು ನಕ್ಕುಬಿಡುವುದು ಮೇಲು ಎಂದು ಅವರಿಗೆ ತಡವಾಗಿ ಹೊಳೆದಿದೆ.

ನಿವೃತ್ತಿ ಹತ್ತಿರ ಬಂದಿತ್ತು. ಕ್ವಾರ್ಟರ್ಸ್ ಬಿಡಬೇಕಿತ್ತು. ನಾಶಿಕದ ದಾರಿಯಲ್ಲಿ ಆಡಗಾಂವ್ ಹತ್ತಿರ, ದ್ರಾಕ್ಷಿ ತೋಟ ಕಡಿದು ಮಾಡಿದ ಲೇಔಟಿನಲ್ಲಿ ಹಿಂದೆಯೇ ಒಂದು ಸೈಟು ತೆಗೆದುಕೊಂಡಿದ್ದರು. ಮನೆ ಹೇಗಿರಬೇಕು ಎಂದು ಕಾಶಿಬಾಯಿಯನ್ನು ಕೇಳಿದಾಗ ಆಕೆ ತಡಮಾಡದೆ ಉತ್ತರ ಕೊಟ್ಟರು. ಮದುವೆಯಾಗಿ ಬಂದಾಗಿನಿಂದ ಆಕೆ ಇದ್ದದ್ದು ಕ್ವಾರ್ಟರ್ಸಿನಲ್ಲೇ. ಎಲ್ಲ ಮನೆಗೂ ಅದೇ ಹಳದಿ ಗೋಡೆ, ಅದೇ ಹಸಿರು ಬಾಗಿಲು. ಒಮ್ಮೆ ಸಂತೆಯಿಂದ ಬಂದು, ಪಕ್ಕದ ಮನೆಗೆ ಹೊಕ್ಕು, ಚೀಲ ಇಳಿಸಿ, ನೀರು ಕುಡಿದು, ಪರಾತದಲ್ಲಿ ಹಿಟ್ಟು ಕಲಸಲು ಕೂತ ಮೇಲೆ ಇದು ತನ್ನ ಪರಾತವಲ್ಲ ಎಂದು ತಿಳಿದು ಎದ್ದು ಬಂದಿದ್ದರು. ಅಡುಗೆಮನೆಯ ಕಿಟಕಿ ತೆರೆದರೆ ಕಾಣುವುದು ಇನ್ನೊಂದು ಅಡುಗೆಮನೆಯ ಗೋಡೆ.

"ನನಗ ಎರಡ ಬೇಕು," ಎಂದರು ಕಾಶಿಬಾಯಿ. "ಸರ್ಕಾರಿ ಮನಿ ಹಂಗ ಕಾಣಬಾರ್ದು. ರೊಟ್ಟಿ ಬಡಿಯೋವಾಗ ನನಗ ಓಣಿ ಕಾಣಬೇಕು. ಇಷ್ಟು ದಿನ ನೀವಂದಂಗ ಕೇಳೀನಿ, ಇದೊಂದು ನಾ ಅಂದಂಗ ಆಗಲಿ."

ಮನ್ಮಥಪ್ಪನವರು ಮಾತು ಕೊಟ್ಟರು. ಮನಸ್ಸಿನಿಂದಲೇ ಕೊಟ್ಟರು. ಆಕೆ ಅವರ ಹತ್ತಿರ ಏನನ್ನಾದರೂ ಬಾಯಿಬಿಟ್ಟು ಕೇಳಿದ್ದು ಅಪರೂಪ, ಅದು ಅವರಿಗೆ ನಾಟಿತ್ತು. ಇಷ್ಟು ದೊಡ್ಡ ಮಾತು ನಡೆಸಿಕೊಡಬೇಕಾದರೆ ಯಾವನೋ ಹಾದಿಯಲ್ಲಿ ಹೋಗುವ ಗೌಂಡಿಯನ್ನು ಕರೆದರಾದೀತೆ, ಲೈಸೆನ್ಸ್ ಇರುವ ಗುತ್ತೇದಾರನೇ ಬೇಕು ಎಂದು ಅವತ್ತೇ ನಿಶ್ಚಯಿಸಿದರು.

ಕಾಶಿಬಾಯಿಯ ತಮ್ಮ ಚನಬಸಪ್ಪ ಆಗ ಔರಂಗಾಬಾದ್ ಎನ್ನುತ್ತಿದ್ದ ಇಂದಿನ ಛತ್ರಪತಿ ಸಂಭಾಜಿನಗರದಲ್ಲಿ ಕಿರಾಣಿ ವ್ಯಾಪಾರಿ. ಅವನು ಫೋನಿನಲ್ಲಿ ಹೇಳಿದ, "ಮಾಮಾ, ನಮ್ಮ ಮನಿ ಕಟ್ಟಿದ ಭಾನುದಾಸ ಮಿಸ್ತ್ರಿ ಪೈಠಣದಂವ. ಬಾಯಿ ಬಾಳ, ಖರೆ ಕೆಲಸ ಚೊಲೋ ಅದ. ಅಕ್ಕಗ ಕರ್ಕೊಂಡು ಬರ್ರಿ, ಮನಿ ಒಮ್ಮೆ ನೋಡಿ ಹೋಗ್ರಿ."

"ಲೈಸೆನ್ಸ್ ಅದ ಏನು?"

"ಮಿಸ್ತ್ರಿಗಿ ಎಂಥ ಲೈಸೆನ್ಸ್ ಮಾಮಾ?"

"ಮತ್ತ ನೋಡೋದು ಏನದ," ಎಂದು ಮನ್ಮಥಪ್ಪನವರು ಫೋನು ಇಟ್ಟರು.

ಆಮೇಲೆ ಗುತ್ತೇದಾರರು ಒಬ್ಬೊಬ್ಬರಾಗಿ ಕ್ವಾರ್ಟರ್ಸಿಗೆ ಬಂದರು. ಪಿಂಪಳಗಾಂವ್ ಬಸವಂತ್‌ನಿಂದ ಒಬ್ಬ ಬಂದಿದ್ದ, ಈರುಳ್ಳಿ ಗೋದಾಮುಗಳನ್ನು ಕಟ್ಟಿದವನು. ತಾನು ಕಟ್ಟಿದ ಗೋದಾಮಿನಲ್ಲಿ ಈರುಳ್ಳಿ ಕೊಳೆಯುವುದಿಲ್ಲ ಎಂದ. ತಾವು ಈರುಳ್ಳಿಯಲ್ಲ ಎಂದು ಮನ್ಮಥಪ್ಪನವರು ಅವನನ್ನು ಕಳಿಸಿದರು. ಇನ್ನೊಬ್ಬನ ಅಳತೆ ಪಟ್ಟಿ ತೆಗೆಸಿ, ಇದನ್ನು ಕೊನೆಯ ಸಲ ಎಲ್ಲಿ ಪರೀಕ್ಷೆ ಮಾಡಿಸಿದ್ದೀಯ ಎಂದು ಕೇಳಿದರು. ಅವನು ಪಟ್ಟಿಯನ್ನು ಒಮ್ಮೆ, ಇವರ ಮುಖವನ್ನು ಒಮ್ಮೆ ನೋಡಿ, ಚಹಾ ಅರ್ಧಕ್ಕೆ ಬಿಟ್ಟು ಹೋದ. ಆ ಅಪ್ಪನ ಕಡೆ ಹೋಗಬೇಡಿ, ತಲೆ ತಿನ್ನುತ್ತಾನೆ ಎಂದು ಓಝರಿನಿಂದ ನಾಶಿಕದವರೆಗೆ ಸುದ್ದಿ ಹಬ್ಬಿತು. ಮನ್ಮಥಪ್ಪನವರು ಇದನ್ನೂ ಹೊಗಳಿಕೆ ಎಂದೇ ತಿಳಿದರು.

ಕೊನೆಗೆ ಸುಧಾಕರರಾವ್ ಸಿಕ್ಕರು. ಸಿಲ್ಲೋಡ್ ಕಡೆಯವರು, ಬಿಳಿ ಸಫಾರಿ, ಹಿತಮಿತ ಮಾತು. ಕೂತ ಕೂಡಲೇ ಚೀಲದಿಂದ ಪ್ಲಾಸ್ಟಿಕ್ ಹಾಕಿಸಿದ ಲೈಸೆನ್ಸ್ ತೆಗೆದು ಮೇಜಿನ ಮೇಲಿಟ್ಟರು. ಸರ್ಕಾರದ ನೋಂದಣಿ, ದುಂಡನೆಯ ಮೊಹರು, ಮೇಲೆ ಹಸಿರು ಶಾಯಿಯ ಸಹಿ. ಮನ್ಮಥಪ್ಪನವರು ಭೂತಗನ್ನಡಿ ತರಿಸಿ ಮೊಹರಿನ ಅಂಚು ನೋಡಿದರು. ಅಂಚು ಎಲ್ಲೂ ಒಡೆದಿರಲಿಲ್ಲ. ಮಗಳು ರೂಪಾಗೆ ವರ ನೋಡಲು ಹೋದಾಗಲೂ ಅವರ ಮುಖದಲ್ಲಿ ಅಂಥ ಕಳೆ ಬಂದಿರಲಿಲ್ಲ.

"ಸಾಹೇಬ, ಒಂದು ದಿನ ಬನ್ನಿ, ನಾನು ಕಟ್ಟಿದ್ದು ತೋರಿಸ್ತೇನೆ," ಎಂದರು ಸುಧಾಕರರಾವ್ ಮರಾಠಿಯಲ್ಲಿ. "ಜೀಪು ನನ್ನದೇ ಇದೆ."

ಮನ್ಮಥಪ್ಪನವರು ಕೈಯೆತ್ತಿ ತಡೆದರು. ಇಂಥ ಕಾಗದ ಇದ್ದ ಮೇಲೆ ಹೋಗಿ ನೋಡುವುದು ಕಾಗದಕ್ಕೆ ಅವಮಾನ ಎಂದು ಅವರ ಭಾವನೆ. "ನಮ್ಮಲ್ಲಿ ಬೋಲ್ಟ್ ಪಾಸ್ ಮಾಡಲು ನಾನು ವಿಮಾನ ಹತ್ತುವುದಿಲ್ಲ," ಎಂದು ತಮ್ಮ ಮಾತಿಗೆ ತಾವೇ ನಕ್ಕರು. ಸುಧಾಕರರಾವ್ ಕೂಡ ಮರ್ಯಾದೆಗೆ ನಕ್ಕರು.

ಅವರು ಹೋದ ಮೇಲೆ ಒಳಗಿನಿಂದ ಕಾಶಿಬಾಯಿ ಕೇಳಿದರು, "ಅವರು ಏನೇನ ಕಟ್ಯಾರ?"

"ಸರ್ಕಾರ ಕೊಟ್ಟ ಕೆಲಸ ಎಲ್ಲ ಕಟ್ಯಾರ. ಮತ್ತೇನ ಬೇಕು?"

ಆ ಉತ್ತರದಲ್ಲೇ ಎಲ್ಲ ಇತ್ತು ಎಂದು ಈಗ ಅವರು ಹಣೆ ಬಡಿದುಕೊಳ್ಳುತ್ತಾರೆ. ತಾವೇ ಹೇಳಿದ್ದು, ತಮ್ಮ ಕಿವಿಗೆ ಬೀಳಲಿಲ್ಲ.

ಕೆಲಸ ಶುರುವಾಯಿತು. ಸುಧಾಕರರಾವ್ ಹೇಳಿದ ದಿನ ಬರುತ್ತಿದ್ದರು, ಹೇಳಿದ ಸಿಮೆಂಟನ್ನೇ ತರಿಸುತ್ತಿದ್ದರು. ಮನ್ಮಥಪ್ಪನವರು ಶಿಫ್ಟು ಮುಗಿಸಿ ಸ್ಕೂಟರಿನಲ್ಲಿ ನೇರ ಸೈಟಿಗೆ. ಗೋಡೆ ನೆಟ್ಟಗಿದೆಯೇ ಎಂದು ತೂಗುಗುಂಡು ಇಳಿಬಿಟ್ಟು ನೋಡುವುದು, ಮರಳನ್ನು ಅಂಗೈಯಲ್ಲಿ ಉಜ್ಜಿ ಮಣ್ಣಿದೆಯೇ ನೋಡುವುದು, ಕಬ್ಬಿಣದ ಸರಳು ಅಳೆಯುವುದು, ಗೋಡೆಗೆ ನೀರು ಕಡಿಮೆಯಾಯಿತು ಎಂದು ತಾವೇ ಪೈಪು ಹಿಡಿಯುವುದು. ನೆಟ್ಟಗಿಲ್ಲದ ಒಂದು ಸಾಲು ಇಟ್ಟಿಗೆಯನ್ನು ತೆಗೆಸಿ ಮತ್ತೆ ಹಾಕಿಸಿದರು. ಇಂಥ ಗಿರಾಕಿ ಸಿಕ್ಕಿದ್ದಕ್ಕೆ ಸುಧಾಕರರಾವ್‌ಗೆ ನಿಜವಾಗಿ ಸಂತೋಷ. ಸರ್ಕಾರಿ ಎಂಜಿನಿಯರುಗಳು ಜೀಪಿನಿಂದ ಇಳಿಯುವುದೇ ಇಲ್ಲ ಎಂದು ಅವರಿಗೆ ಹಳೆಯ ಬೇಸರವಿತ್ತು. ಇಬ್ಬರೂ ಗೋಡೆಗೆ ಮೂಗು ತಾಗುವಷ್ಟು ಹತ್ತಿರ ನಿಂತು ಒಬ್ಬರನ್ನೊಬ್ಬರು ಹೊಗಳುತ್ತಿದ್ದರು.

ನಕ್ಷೆಯನ್ನೂ ಮನ್ಮಥಪ್ಪನವರು ಬಿಟ್ಟಿರಲಿಲ್ಲ. ಎಲ್ಲ ಅಳತೆಗಳನ್ನು ಕೂಡಿಸಿ ನೋಡಿ ಒಂದು ಕಡೆ ಎರಡು ಇಂಚು ತಾಳೆಯಾಗಿಲ್ಲವೆಂದು ಹಿಡಿದಿದ್ದರು. ಆ ಎರಡು ಇಂಚಿನ ಖುಷಿಯಲ್ಲಿ, ಉಳಿದ ನಕ್ಷೆ ಯಾವುದರ ನಕ್ಷೆ ಎಂದು ನೋಡುವುದು ಮರೆತುಹೋಯಿತು. ಅಡುಗೆಮನೆಗೆ ಕಿಟಕಿ ಬೇಕೆಂದು ಹೇಳಿದ್ದರು, ನಕ್ಷೆಯಲ್ಲಿ ಕಿಟಕಿ ಎಂದು ಬರೆದೂ ಇತ್ತು.

ಮಂಡಿನೋವಿನಿಂದಾಗಿ ಕಾಶಿಬಾಯಿ ಪಾಯ ತೆಗೆದಾಗ ಒಮ್ಮೆ ಬಂದವರು ಮತ್ತೆ ಬಂದಿರಲಿಲ್ಲ. ನಾಶಿಕದ ಕಾಲೇಜಿನಿಂದ ಬರುವಾಗ ರೂಪಾ ಮಾತ್ರ ಒಂದು ಸಲ ಬಸ್ಸಿನಿಂದಿಳಿದು ನೋಡಿಕೊಂಡು ಬಂದಳು. "ಪಪ್ಪಾ, ಆಪಲ್ಯಾ ಘರಾಚಂ... ನಮ್ಮ ಮನಿ ಸ್ವಲ್ಪ ಶಾಳೆ ಹಂಗ ದಿಸ್ತದ," ಎಂದು ಮರಾಠಿ ಬೆರೆಸಿ ಹೇಳಿದಳು, ಶಾಲೆಯ ಹಾಗೆ ಕಾಣುತ್ತದೆ ಎಂದು. ಮನ್ಮಥಪ್ಪನವರು ಗೋಡೆ ಎಷ್ಟು ನೆಟ್ಟಗಿದೆ ನೋಡಿದೆಯಾ ಎಂದು ಕೇಳಿದರು. ನೋಡಿದೆ, ನೆಟ್ಟಗಿದೆ ಎಂದಳು. ಅಲ್ಲಿಗೆ ಆ ಮಾತು ಮುಗಿಯಿತು.

ವಾಸ್ತುಶಾಂತಿಯ ದಿನ ಬೆಳಿಗ್ಗೆ ಮನ್ಮಥಪ್ಪನವರು ಮೊದಲೇ ಬಂದು ಒಳಗೆ ಚಾಪೆ ಹಾಸುತ್ತಿದ್ದರು. ವಿಭೂತಿ ಹಚ್ಚಿ, ಹೊಸ ಧೋತರ ಉಟ್ಟಿದ್ದರು. ಪೂಜೆ ಮಾಡಿಸುವ ಅಯ್ಯನವರು ಬರುವ ಹೊತ್ತು. ಔರಂಗಾಬಾದಿನಿಂದ ಬರುತ್ತಿದ್ದ ಚನಬಸಪ್ಪನ ಫೋನು ಬಂತು.

"ಮಾಮಾ, ಲೇಔಟಿನಾಗ ಬಂದೀನಿ. ಮನಿ ಎಲ್ಲದ?"

"ಎದುರಿಗಿ ಏನ ಕಾಣ್ಲತ್ತದ ಹೇಳು."

"ಸರ್ಕಾರಿ ದವಾಖಾನಿ ಅದ."

"ಇಲ್ಲಿ ದವಾಖಾನಿ ಇಲ್ಲೋ. ನೀ ಬ್ಯಾರೆ ಲೇಔಟಿಗಿ ಹೋಗಿದ್ದಿ."

"ಹೊಸದು ಕಟ್ಯಾರ ಮಾಮಾ. ಬಾಗಲಾಗ ಒಬ್ಬರು ಕಂಪೌಂಡರ್ ನಿಂತಾರ, ಅವರಿಗಿ ಕೇಳ್ತೀನಿ ತಡೀರಿ."

ಫೋನಿನಲ್ಲಿ ಮಾತಾಡುತ್ತ ಬಾಗಿಲಿಗೆ ಬಂದು ನಿಂತಿದ್ದವರು ಮನ್ಮಥಪ್ಪನವರೇ. ಚನಬಸಪ್ಪ ರಸ್ತೆಯ ಆಚೆ ಫೋನು ಹಿಡಿದು ನಿಂತಿದ್ದ. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಮನ್ಮಥಪ್ಪನವರು ಗೇಟು ದಾಟಿ ರಸ್ತೆಗೆ ಬಂದು, ಅವನ ಪಕ್ಕದಲ್ಲಿ ನಿಂತು, ತಮ್ಮ ಮನೆಯನ್ನು ಮೊದಲ ಸಲ ದೂರದಿಂದ ನೋಡಿದರು.

ಉದ್ದಕ್ಕೂ ವರಾಂಡ, ಅದಕ್ಕೆ ಸಾಲಾಗಿ ದುಂಡು ಕಂಬ. ನಡುವೆ ಸ್ಟ್ರೆಚರ್ ಹೋಗುವಷ್ಟು ಅಗಲದ ಎರಡು ಕದದ ಬಾಗಿಲು. ಮೆಟ್ಟಿಲ ಪಕ್ಕದಲ್ಲಿ ಗಾಡಿ ಏರಿಸುವ ಇಳಿಜಾರು. ಕೆನೆ ಬಣ್ಣದ ಗೋಡೆಗೆ ಕೆಳಗೆ ಇಟ್ಟಿಗೆ ಬಣ್ಣದ ಪಟ್ಟಿ. ಅಂಗಳದ ನಡುವೆ, ಧ್ವಜ ನೆಡುವುದಕ್ಕೆ, ಅಚ್ಚುಕಟ್ಟಾದ ಒಂದು ಕಟ್ಟೆ. ಈ ಕಟ್ಟೆಯ ಮೂಲೆಗಳು ಸರಿಯಾಗಿವೆಯೇ ಎಂದು ಮನ್ಮಥಪ್ಪನವರು ಸ್ವತಃ ಅಳೆದಿದ್ದರು. ಯಾತಕ್ಕೆ ಎಂದು ಕೇಳಿರಲಿಲ್ಲ.

ಸುಧಾಕರರಾವ್ ಹೂವಿನ ಹಾರ ಹಿಡಿದು ಬಂದರು. ಅವರ ಮುಖದಲ್ಲಿ ಒಂದು ಚೂರೂ ಕಪಟವಿಲ್ಲ. "ಸಾಹೇಬ, ಸಿಲ್ಲೋಡ್ ತಾಲೂಕಿನಲ್ಲಿ ನಾನು ಕಟ್ಟಿದ ಒಂದು ಆರೋಗ್ಯ ಕೇಂದ್ರವೂ ಇವತ್ತಿನವರೆಗೆ ಸೋರಿಲ್ಲ," ಎಂದರು. "ಆದರೆ ಅವೆಲ್ಲಕ್ಕಿಂತ ನಿಮ್ಮದು ಗಟ್ಟಿ." ಅವರು ಬದುಕಿನುದ್ದಕ್ಕೂ ಕಟ್ಟಿದ್ದು ಅದೊಂದನ್ನೇ. ಅದನ್ನು ತೋರಿಸಲಿಕ್ಕೆಂದೇ ಜೀಪು ತರುತ್ತೇನೆ ಎಂದಿದ್ದರು. ಬೈಯಬೇಕೆಂದರೆ ಮನ್ಮಥಪ್ಪನವರಿಗೆ ತಮ್ಮನ್ನು ಬಿಟ್ಟು ಯಾರೂ ಸಿಗಲಿಲ್ಲ.

ಅಷ್ಟರಲ್ಲಿ ಆಟೋ ಬಂತು. ಕಾಶಿಬಾಯಿ ರೂಪಾಳ ಕೈ ಹಿಡಿದು ಇಳಿದರು. ಇಳಕಲ್ ಸೀರೆ, ಕೈಯಲ್ಲಿ ಹಾಲಿನ ಪಾತ್ರೆ. ಮನೆಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದರು. ಇಳಿಜಾರಿನ ಮೇಲೆ ಮೆಲ್ಲಗೆ ನಡೆದು ಒಳಗೆ ಹೋದರು. ಅಡುಗೆಮನೆಯಲ್ಲಿ ನಿಂತು ಕತ್ತೆತ್ತಿದರು. ಓಣಿಯ ಕಡೆಯ ಗೋಡೆಯಲ್ಲಿ, ಸೂರಿಗೆ ಹತ್ತಿರ, ಕಬ್ಬಿಣದ ಸರಳಿನ ಒಂದು ಸಣ್ಣ ಕಿಂಡಿ. ಆರೋಗ್ಯ ಕೇಂದ್ರಗಳಲ್ಲಿ ಔಷಧಿ ಇಡುವ ಕೋಣೆಗೆ ಕಳ್ಳರು ಬರಬಾರದೆಂದು ಹಾಗೆ ಇಡುತ್ತಾರಂತೆ.

"ಇದರಾಗಿಂದ ಏನ ಕಾಣ್ತದ?" ಎಂದು ಕೇಳಿದರು ಕಾಶಿಬಾಯಿ.

ಮನ್ಮಥಪ್ಪನವರು ಕಿಂಡಿಯ ಕೆಳಗೆ ಹೋಗಿ ತುದಿಗಾಲಲ್ಲಿ ನಿಂತು ನೋಡಿದರು, ಆಕಾಶದ ಒಂದು ತುಂಡು ಕಂಡಿತು. ಆಕೆ ಜಗಳವಾಡಿದ್ದರೆ ಅವರು ಸಮಾಧಾನದ ಉಸಿರು ಬಿಡುತ್ತಿದ್ದರು. ಆಕೆ ಸ್ಟವ್ ಹಚ್ಚಿ, ಹಾಲು ಇಟ್ಟು, ಉಕ್ಕುವವರೆಗೆ ಗೋಡೆಗೆ ಮುಖ ಮಾಡಿ ನಿಂತರು. ಬಂದವರಿಗೆಲ್ಲ ಹೋಳಿಗೆ ಬಡಿಸಿದರು. ಸಂಜೆ ಎಲ್ಲ ಹೋದ ಮೇಲೆ ಅಂದದ್ದು ಇಷ್ಟೇ, "ಒಂದ ಸರ್ಕಾರಿ ಮನ್ಯಾಗಿಂದ ಇನ್ನೊಂದ ಸರ್ಕಾರಿ ಮನಿಗಿ ಬದಲಿ ಆಯ್ತು ನಂದು." ಮನ್ಮಥಪ್ಪನವರಿಗೆ ಅಷ್ಟು ನಾಚಿಕೆ ಹಿಂದೆಂದೂ ಆಗಿರಲಿಲ್ಲ. ಆಕೆ ಕೇಳಿದ್ದು ಎರಡೇ ಎರಡು. ಎರಡನ್ನೂ ಅವರು ಅಳತೆಪಟ್ಟಿ ಹಿಡಿದು ನಿಂತು ಕೆಡಿಸಿದ್ದರು.

ಕ್ವಾರ್ಟರ್ಸ್ ಬಿಡಲೇಬೇಕಿತ್ತು, ಬಂದರು. ಮೊದಲ ಪೋಲಿಯೋ ಭಾನುವಾರ ಬೆಳಿಗ್ಗೆಯೇ ತಾಯಂದಿರು ಮಕ್ಕಳನ್ನು ಎತ್ತಿಕೊಂಡು ಬಂದು ವರಾಂಡದಲ್ಲಿ ಸಾಲಾಗಿ ಕೂತರು. ಇದು ದವಾಖಾನೆಯಲ್ಲ ಎಂದು ಮನ್ಮಥಪ್ಪನವರು ಒಬ್ಬೊಬ್ಬರಿಗೂ ಹೇಳುತ್ತ ಹೋದರು. ಒಬ್ಬ ಅಜ್ಜಿ ನಂಬಲಿಲ್ಲ. ಸರ್ಕಾರಿ ಜನ ಹೀಗೇ ಸುಳ್ಳು ಹೇಳಿ ವಾಪಸ್ಸು ಕಳಿಸುತ್ತಾರೆ ಎಂದು ಗೊಣಗಿ ಅಲ್ಲೇ ಕೂತಳು. ಕಾಶಿಬಾಯಿ ಒಳಗಿನಿಂದ ನೀರು ತಂದು ಕೊಟ್ಟರು, ಆದರೆ ನಗಲಿಲ್ಲ. ಮನ್ಮಥಪ್ಪನವರು ಆಕೆಯ ಮುಖ ನೋಡುತ್ತಲೇ ಇದ್ದರು. ಒಂದು ನಗೆ ಬಂದರೂ ತಾವು ಕಂಪೌಂಡರಾಗಲು ಸಿದ್ಧ ಎನ್ನುವ ಸ್ಥಿತಿಗೆ ಬಂದಿದ್ದರು.

ಕೊನೆಗೆ ಕಾಶಿಬಾಯಿ ತಾವೇ ಎದ್ದರು. ತಮ್ಮನ ಊರಿಗೆ ಹೋಗುತ್ತೇನೆ ಎಂದರು. ಅಲ್ಲಿ ಭಾನುದಾಸ ಮಿಸ್ತ್ರಿ ಕಟ್ಟಿದ ಮನೆಗಳಿಗೆ ಹೋಗಿ, ಅಡುಗೆಮನೆಯಲ್ಲಿ ಕೂತು, ಆಯಾ ಮನೆಯ ಹೆಂಗಸರ ಹತ್ತಿರ ಚಹಾ ಕುಡಿದು ಬಂದರು. ಮಿಸ್ತ್ರಿ ತನ್ನ ಬಗ್ಗೆ ಹೇಳಿಕೊಂಡದ್ದರಲ್ಲಿ ಮುಕ್ಕಾಲು ಬಡಾಯಿ ಎಂದು ಆಕೆಗೆ ತಿಳಿಯಿತು. ಉಳಿದ ಕಾಲು ಭಾಗ ಸಾಕು ಎನಿಸಿತು. ಅವನನ್ನು ಕರೆದುಕೊಂಡೇ ಬಂದರು.

"ಮುಂದಿನ ಕಂಬ ಎಲ್ಲ ತೆಗೀರಿ, ವರಾಂಡ ತೆಗೀರಿ," ಎಂದು ಮಿಸ್ತ್ರಿಗೆ ಮರಾಠಿಯಲ್ಲಿ ಹೇಳಿ, ಗಂಡನ ಕಡೆ ತಿರುಗಿ, "ನೀವು ರಸ್ತಾದ ಆಚಿ ಕಡಿ ಕುಂಡ್ರಿ," ಎಂದರು. ಮನ್ಮಥಪ್ಪನವರು ಕುರ್ಚಿ ತೆಗೆದುಕೊಂಡು ಹೋಗಿ ಆಚೆ ಕಡೆ ಕೂತರು.

ಭಾನುದಾಸ ಮಿಸ್ತ್ರಿ ದೊಡ್ಡ ಸುತ್ತಿಗೆಯನ್ನು ಎರಡೂ ಕೈಯಲ್ಲಿ ಎತ್ತಿ ಮೊದಲ ಕಂಬಕ್ಕೆ ಹೊಡೆದ. ಸುತ್ತಿಗೆ ಗಂಟೆಯ ಹಾಗೆ ಸದ್ದು ಮಾಡಿ ಹಿಂದಕ್ಕೆ ಹಾರಿತು. ಮತ್ತೆ ಹೊಡೆದ. ಮಧ್ಯಾಹ್ನದವರೆಗೆ ಹೊಡೆದರೂ ಕಂಬದಿಂದ ಉದುರಿದ್ದು ಒಂದು ಬೊಗಸೆ ಚೂರು. ಅವನು ಬೆವರು ಒರೆಸಿಕೊಂಡು ರಸ್ತೆ ದಾಟಿ ಬಂದ.

"ಸಾಹೇಬ, ನಮ್ಮ ಪೈಠಣದ ಜಾಯಕವಾಡಿ ಅಣೆಕಟ್ಟಿಗೂ ಇಷ್ಟು ಸಿಮೆಂಟ್ ಹಾಕಿರಲಿಕ್ಕಿಲ್ಲ. ಇದನ್ನ ಕಟ್ಟಿಸಿದ ಮಹಾನುಭಾವ ಯಾರು?"

ಮನ್ಮಥಪ್ಪನವರು ತಾವೇ ಎಂದು ಒಪ್ಪಿಕೊಂಡರು. ಆ ಒಂದೊಂದು ಕಂಬಕ್ಕೂ ತಾವೇ ಸಂಜೆ ಸಂಜೆ ನೀರು ಹಿಡಿದದ್ದು, ಸರಳು ಅಳೆದದ್ದು, ಯಾರು ಹೊಡೆದರೂ ಒಡೆಯಬಾರದು ಎಂದು ನೋಡಿಕೊಂಡದ್ದು. ತಮ್ಮ ತಪ್ಪನ್ನು ಇಷ್ಟು ಭದ್ರವಾಗಿ ಕಟ್ಟಿಸಿದ ಮನುಷ್ಯ ನಾಶಿಕ ಜಿಲ್ಲೆಯಲ್ಲಿ ಇನ್ನೊಬ್ಬ ಇರಲಿಕ್ಕಿಲ್ಲ ಎಂದು ಅವರಿಗೆ ಅನಿಸಿತು. ಮಿಸ್ತ್ರಿ ವರಾಂಡ ಬಿಟ್ಟ, ಮಲಗುವ ಕೋಣೆಯ ಗೋಡೆಗೆ ಹೋದ. ಅದೂ ಮಿಸುಕಲಿಲ್ಲ. ಧ್ವಜದ ಕಟ್ಟೆ ಕೂಡ ಅಲುಗಾಡಲಿಲ್ಲ. ಚೀಲ ಕಟ್ಟಿಕೊಂಡು ಹೊರಡುವ ಯೋಚನೆಯಲ್ಲಿದ್ದವನು, ಕಾಶಿಬಾಯಿ ತೋರಿಸಿದರೆಂದು, ಕೊನೆಗೆ ಅಡುಗೆಮನೆಯ ಓಣಿ ಕಡೆಯ ಗೋಡೆಗೆ ಒಂದು ಏಟು ಹಾಕಿದ. ಇಟ್ಟಿಗೆ ಪುಡಿ ಬಿತ್ತು. ಇನ್ನೊಂದು ಏಟಿಗೆ ಬೆಳಕು ಬಂತು.

ಎಲ್ಲರಿಗೂ ಆಶ್ಚರ್ಯ. ಮಿಸ್ತ್ರಿ ಗಾರೆಯನ್ನು ಬೆರಳಲ್ಲಿ ಉಜ್ಜಿ, ಇದೊಂದು ಗೋಡೆ ಸಾಧಾರಣ ಗೋಡೆ, ಎಲ್ಲರ ಮನೆಯಲ್ಲಿರುವಂಥದ್ದು ಎಂದ. ಮನ್ಮಥಪ್ಪನವರು ರಸ್ತೆಯ ಆಚೆ ಕುರ್ಚಿಯಿಂದ ಎದ್ದು ನಿಂತು ನೆನಪು ಮಾಡಿಕೊಂಡರು. ಆ ಗೋಡೆ ಎದ್ದ ವಾರ ಊರಿಗೆಲ್ಲ ಚಿಕನ್‌ಗುನ್ಯಾ ಬಂದಿತ್ತು. ತಾವು ಕ್ವಾರ್ಟರ್ಸಿನಲ್ಲಿ ಗಂಟುನೋವಿನಿಂದ ನರಳುತ್ತ ಮಲಗಿದ್ದರು, ಸುಧಾಕರರಾವ್ ಕೂಡ ಅದೇ ಜ್ವರದಲ್ಲಿ ಅವರ ಮನೆಯಲ್ಲಿ ಮಲಗಿದ್ದರು. ಗೌಂಡಿಗಳು ತಮ್ಮ ಪಾಡಿಗೆ ತಾವು ಕಟ್ಟಿ ಮುಗಿಸಿದ್ದರು. ಯಾರೂ ಗುಂಡು ಇಳಿಬಿಟ್ಟು ನೋಡಿರಲಿಲ್ಲ.

ಎರಡು ದಿನದಲ್ಲಿ ಅಲ್ಲಿ ಅಗಲವಾದ ಕಿಟಕಿ ಕೂತಿತು. ಮಿಸ್ತ್ರಿ ಚೌಕಟ್ಟನ್ನು ಕಣ್ಣಳತೆಯಲ್ಲೇ ಕೂರಿಸಿದ, ಎಡಗಡೆ ಸ್ವಲ್ಪ ತಗ್ಗಾಗಿದೆ. ಮನ್ಮಥಪ್ಪನವರಿಗೆ ಅದು ರಸ್ತೆಯ ಆಚೆಯಿಂದಲೇ ಕಂಡಿತು. ಬಾಯಿಗೆ ಬಂದದ್ದನ್ನು ನುಂಗಿಕೊಂಡರು.

ಕಾಶಿಬಾಯಿ ಕಿಟಕಿಯ ಕೆಳಗೆ ಒಲೆ ಇಟ್ಟು, ಮೊದಲ ರೊಟ್ಟಿ ಬಡಿದು ಹಂಚಿಗೆ ಹಾಕಿ, ತಲೆಯೆತ್ತಿ ಓಣಿ ನೋಡಿದರು. ತರಕಾರಿ ಗಾಡಿಯವನು ಹೋಗುತ್ತಿದ್ದ. ಎದುರು ಮನೆಯವಳು ಬಟ್ಟೆ ಒಣ ಹಾಕುತ್ತಿದ್ದಳು. ನಡುವೆ, ರಸ್ತೆಯ ಆಚೆ, ಎದ್ದು ಬರಲು ಇನ್ನೂ ಅಪ್ಪಣೆ ಸಿಗದ ಗಂಡ ಕುರ್ಚಿಯಲ್ಲಿ ಕೂತಿದ್ದರು. ಮನೆಗೆ ಬಂದಾಗಿನಿಂದ ಮೊದಲ ಸಲ ಕಾಶಿಬಾಯಿ ನಕ್ಕರು. ನಗುತ್ತ ನಗುತ್ತಲೇ ಕಣ್ಣು ಒರೆಸಿಕೊಂಡರು.

"ಒಳಗ ಬರ್ರಿ, ರೊಟ್ಟಿ ಆರ್ತದ," ಎಂದು ಕಿಟಕಿಯಿಂದ ಕೂಗಿದರು. ಅವರು ಎದ್ದು ರಸ್ತೆ ದಾಟುವಾಗ, ಓಣಿಗೆಲ್ಲ ಕೇಳುವ ಹಾಗೆ ಸೇರಿಸಿದರು, "ನೀವು ಇನ್ನ ನಾಕ ತಿಂಗಳು ಜ್ವರದಾಗ ಬಿದ್ದಿದ್ರ ನನಗ ಪೂರಾ ಮನಿನೇ ಸಿಕ್ತಿತ್ತು ನೋಡ್ರಿ."